ಫೀನಿಕ್ಸಿನ ಧೂಳು

ನಮ್ಮ ಹಿರಿಯರು ಯಾತ್ರೆ ಹೊರಟರೆ ಕಾಶಿಗೋ ರಾಮೇಶ್ವರಕ್ಕೋ ಹೋಗುತ್ತಿದ್ದರು. ಹಿಂದಿರುಗುವಾಗ ಒಂದು ತಂಬಿಗೆ ಗಂಗೆಯನ್ನೋ ಒಂದು ಹಿಡಿ ಮರಳನ್ನೋ ತರುತ್ತಿದ್ದರು. ನಮ್ಮ ಪಾಲಿಗೆ ಬಂದ ಯಾತ್ರೆ ಬೇರೆ ಬಗೆಯದು. ಶಾಲೆಯ ಕೆಲಸದಿಂದ ನಿವೃತ್ತರಾದ ಮೇಲೆ, ೨೦೨೫ನೆಯ ಇಸವಿಯ ಬೇಸಿಗೆಯಲ್ಲಿ, ನಾವೂ ನಮ್ಮ ಗೃಹಿಣಿಯೂ ಅಮೇರಿಕಾ ದೇಶದ ಆರಿಜೋನಾ ಸಂಸ್ಥಾನದಲ್ಲಿರುವ ಮಗಳ ಮನೆಗೆ ಹೋಗಿ ನಾಲ್ಕು ತಿಂಗಳು ಇದ್ದು ಬಂದೆವು. ಅಲ್ಲಿಂದ ತಂದದ್ದು ಗಂಗೆಯಲ್ಲ. ಧೂಳನ್ನು ಕುರಿತ ಸ್ವಲ್ಪ ತಿಳಿವಳಿಕೆ ಮಾತ್ರ. ಗೃಹಸ್ಥರಾದ ವಾಚಕರಿಗೆ ಅದರಿಂದ ಏನಾದರೂ ಪ್ರಯೋಜನವಾದೀತೆಂದು ಇಲ್ಲಿ ಬರೆಯುತ್ತೇವೆ.

ಆರಿಜೋನಾದ ರಾಜಧಾನಿ ಫೀನಿಕ್ಸ್ ಪಟ್ಟಣ. ಅದರ ಸುತ್ತಣ ಬಯಲಿಗೆ ಅಲ್ಲಿಯವರು ‘ಸೂರ್ಯನ ಕಣಿವೆ’ ಎಂದು ಹೆಸರಿಟ್ಟಿದ್ದಾರೆ. ಹೆಸರು ಉತ್ಪ್ರೇಕ್ಷೆಯದಲ್ಲ. ೨೦೨೪ರಲ್ಲಿ ಒಂದರ ಮೇಲೊಂದರಂತೆ ೧೧೩ ದಿನಗಳು ಅಲ್ಲಿ ಬಿಸಿಲು ೧೦೦ ಡಿಗ್ರಿ ಫಾರನ್‌ಹೀಟನ್ನು ಮುಟ್ಟಿತು. ಅದಕ್ಕೆ ಹಿಂದಿನ ವರ್ಷ ೩೧ ದಿನ ಎಡೆಬಿಡದೆ ೧೧೦ ಡಿಗ್ರಿಯನ್ನು, ಎಂದರೆ ನಮ್ಮ ಲೆಕ್ಕದಲ್ಲಿ ೪೩ ಡಿಗ್ರಿಯನ್ನು, ತಲುಪಿತ್ತು. ಊರಿನ ಹೆಸರಿಗೂ ಒಂದು ಕಥೆಯುಂಟು. ನೂರಾರು ವರ್ಷಗಳ ಹಿಂದೆ ಹೊಹೊಕಾಮ್ ಎಂಬ ಜನ ಈ ಮರುಭೂಮಿಯಲ್ಲಿ ನೂರಾರು ಮೈಲಿ ಉದ್ದದ ಕಾಲುವೆಗಳನ್ನು ಕೈಯಿಂದಲೇ ತೋಡಿ ಬೇಸಾಯ ಮಾಡಿದರು, ಕ್ರಿ. ಶ. ೧೪೫೦ರ ಹೊತ್ತಿಗೆ ಅವರ ಊರುಗಳು ಪಾಳುಬಿದ್ದುವು. ೧೮೬೭ರಲ್ಲಿ ಜ್ಯಾಕ್ ಸ್ವಿಲಿಂಗ್ ಎಂಬಾತನು ಆ ಕಾಲುವೆಗಳ ಜಾಡನ್ನೇ ಹಿಡಿದು ಹೊಸ ನೀರಾವರಿಯನ್ನು ಹೂಡಿದನು. ಹಳೆಯ ನಾಗರಿಕತೆಯ ಬೂದಿಯಿಂದ ಹೊಸದೊಂದು ಏಳುವುದೆಂದು ಅವನ ಸಂಗಡಿಗನೊಬ್ಬನು ಪಾಶ್ಚಾತ್ಯ ಪುರಾಣದ ಅಗ್ನಿಪಕ್ಷಿಯ ಹೆಸರನ್ನು ಸೂಚಿಸಿದನಂತೆ. ಬೂದಿಯಿಂದ ಎದ್ದ ಊರಿಗೆ ಧೂಳಿನ ಕಾಟ ತಪ್ಪದೆ ಇರುವುದು ಸಹಜವೇ ಸರಿ.

ಮಗಳ ಮನೆ ಇರುವುದು ಫೀನಿಕ್ಸಿಗೆ ಹೊಂದಿಕೊಂಡಿರುವ ಚಾಂಡ್ಲರ್ ಊರಿನಲ್ಲಿ. ಇಲ್ಲಿ ಗಣಕ ಯಂತ್ರಗಳಿಗೆ ಬೇಕಾದ ಸಿಲಿಕಾನ್ ಬಿಲ್ಲೆಗಳನ್ನು ಮಾಡುವ ದೊಡ್ಡ ಕಾರ್ಖಾನೆಗಳಿವೆ. ಅವುಗಳಲ್ಲಿ ಕೆಲಸಮಾಡುವ ಕನ್ನಡಿಗರೂ ಉಂಟು. ನಮ್ಮ ಅಳಿಯನ ಉದ್ಯೋಗವೂ ಅಂಥದೇ. ಅವರು ಕೆಲಸಮಾಡುವ ಕೋಣೆಯೊಳಕ್ಕೆ ಹೋಗಬೇಕಾದರೆ ತಲೆಯಿಂದ ಕಾಲಿನವರೆಗೆ ಬಿಳಿಯ ಮುಸುಕು ಹಾಕಿಕೊಳ್ಳಬೇಕು. ಚಾವಣಿಯಿಂದ ಸೋಸಿದ ಗಾಳಿ ಎಡೆಬಿಡದೆ ಕೆಳಕ್ಕೆ ಇಳಿಯುತ್ತಿರಬೇಕು. ಕಣ್ಣಿಗೆ ಕಾಣದ ಒಂದು ಕಣ ಬಿದ್ದರೂ ಬಿಲ್ಲೆ ಕೆಟ್ಟುಹೋಗುವುದು. ಹಗಲೆಲ್ಲ ಹೀಗೆ ಧೂಳಿನೊಡನೆ ಹೋರಾಡಿ ಮನೆಗೆ ಬಂದರೆ, ಮನೆಯ ಹೊಸ್ತಿಲಲ್ಲಿಯೇ ಮರುಭೂಮಿ ಕುಳಿತಿರುತ್ತದೆ!

ಆ ಮನೆಯ ರಚನೆಯನ್ನು ಸ್ವಲ್ಪ ವಿವರಿಸಬೇಕು. ಏಕೆಂದರೆ ಮುಂದಿನ ಸಂಗತಿಯೆಲ್ಲ ಅದರ ಮೇಲೆ ನಿಂತಿದೆ. ನಮ್ಮಲ್ಲಿಯಂತೆ ಅಲ್ಲಿ ಗಾಳಿ ಕಿಟಕಿಯಿಂದ ಬರುವುದಿಲ್ಲ. ಕಿಟಕಿಗಳು ಬೆಳಕಿಗಾಗಿ ಮಾತ್ರ. ಬೇಸಿಗೆಯಲ್ಲಿ ಅವು ಮುಚ್ಚಿಯೇ ಇರುವುವು. ಮನೆಯ ನಡುವಣ ಓಣಿಯ ಚಾವಣಿಯಲ್ಲಿ ಒಂದು ದೊಡ್ಡ ಜಾಲರಿ ಇದೆ. ಅದು ಮನೆಯ ಗಾಳಿಯನ್ನು ಒಳಕ್ಕೆ ಸೆಳೆಯುವ ಮೂಗು. ಜಾಲರಿಯ ಹಿಂದೆ ಕಾಗದದ ಮಡಿಕೆಗಳಿಂದ ಮಾಡಿದ ಒಂದು ಶೋಧಕ; ಜನ ಅದನ್ನು ಫಿಲ್ಟರ್ ಎನ್ನುತ್ತಾರೆ. ಅದನ್ನು ದಾಟಿದ ಗಾಳಿ ಅಟ್ಟದ ಮೇಲಿರುವ ಯಂತ್ರದಲ್ಲಿ ತಣ್ಣಗಾಗಿ, ಹಾವಿನಂತೆ ಬಳುಕುವ ದಪ್ಪ ನಳಿಗೆಗಳ ಮೂಲಕ ಹರಿದು, ಒಂದೊಂದು ಕೋಣೆಯಲ್ಲಿಯೂ ಇರುವ ಚಿಕ್ಕ ಜಾಲರಿಗಳಿಂದ ಕೆಳಕ್ಕೆ ಬೀಸುವುದು. ಅದೇ ಗಾಳಿ ಮತ್ತೆ ಓಣಿಯ ಜಾಲರಿಗೆ ಮರಳುವುದು. ದಿನವೆಲ್ಲ ಇದೇ ಆವರ್ತನ. ಮನೆಯೇ ಉಸಿರಾಡುತ್ತಿರುವುದೆಂದು ಹೇಳಿದರೆ ತಪ್ಪಾಗದು.

ಸಂಸ್ಕೃತ ಓದಿದವರಿಗೆ ಎಲ್ಲಿ ಹೋದರೂ ಶಬ್ದಗಳ ಗೀಳು ಬಿಡದು. ಅಮರಕೋಶದಲ್ಲಿ ವಾತಾಯನ, ಗವಾಕ್ಷ ಎಂಬೆರಡನ್ನೂ ಪರ್ಯಾಯಪದಗಳಾಗಿ ಹೇಳಿದೆ. ವಾತಾಯನವೆಂದರೆ ಗಾಳಿಯ ದಾರಿ. ಗವಾಕ್ಷವೆಂದರೆ ಹಸುವಿನ ಕಣ್ಣು. ನಮ್ಮ ಪೂರ್ವಿಕರಿಗೆ ಗಾಳಿಯೂ ಬೆಳಕೂ ಒಂದೇ ಕಂಡಿಯಿಂದ ಬರುತ್ತಿದ್ದುವು. ಇಲ್ಲಿ ಎರಡನ್ನೂ ಬೇರೆಮಾಡಿದ್ದಾರೆ: ಗವಾಕ್ಷ ಗೋಡೆಯಲ್ಲಿ, ವಾತಾಯನ ಅಟ್ಟದಲ್ಲಿ. ಈ ವಿಂಗಡಣೆ ನಮ್ಮ ಮನಸ್ಸಿಗೆ ಒಪ್ಪಲಿಲ್ಲ. ಹೊರಗಣ ಗಾಳಿ ಬಾರದ ಮನೆ ಒಂದು ಮನೆಯೇ ಎಂದು ಬೆಳಗಾಗೆದ್ದು ಮಗಳೊಡನೆ ವಾದಿಸುತ್ತಿದ್ದೆವು. ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಆ ವಾದದಲ್ಲಿ ನಾವು ಎಷ್ಟು ದುಬಾರಿಯಾಗಿ ಸೋತೆವೆಂಬುದನ್ನು ಈಗ ಹೇಳುತ್ತೇವೆ.

ಆಗಸ್ಟ್ ೨೫, ಸೋಮವಾರ. ಊರಿನಲ್ಲಿ ಗೌರಿಯ ಹಬ್ಬ ಮಂಗಳವಾರ. ಆದರೆ ಪಂಚಾಂಗವನ್ನು ಅಲ್ಲಿಯ ಸೂರ್ಯೋದಯಕ್ಕೆ ಗುಣಿಸಿ ನೋಡಿದರೆ ತದಿಗೆ ಸೋಮವಾರವೇ ಬಿದ್ದಿತ್ತು. ಮಗಳೂ ತಾಯಿಯೂ ಮೂರು ದಿನ ಮನೆಯನ್ನು ಉಜ್ಜಿ ತೊಳೆದು, ಅರಿಶಿನದ ಗೌರಿಯನ್ನು ಕೂಡಿಸಿ, ಬಾಗಿನಗಳನ್ನು ಸಿದ್ಧಪಡಿಸಿದ್ದರು. ಧೂಪದ ಹೊಗೆಗೆ ಅಲ್ಲಿಯ ಮನೆಗಳಲ್ಲಿ ಒಂದು ಎಚ್ಚರಿಕೆಯ ಗಂಟೆ ಕೂಗಿಕೊಳ್ಳುವುದು. ಅದು ಕೂಗದಿರಲೆಂದು ನಾವು ಪೂಜೆಯ ಕೋಣೆಯ ಕಿಟಕಿಯನ್ನು ತೆರೆದಿಟ್ಟೆವು. ಮಂಗಳಾರತಿಯಾಯಿತು, ಊಟವಾಯಿತು, ಕಿಟಕಿ ಮುಚ್ಚುವುದು ಮರೆತುಹೋಯಿತು.

ಸಂಜೆ ಮೊಮ್ಮಗ ಹಿತ್ತಿಲಿನಿಂದ ಕೂಗಿಕೊಂಡ: ‘ತಾತಾ, ಬೆಟ್ಟ ನಡೆದು ಬರ್ತಿದೆ!’ ಹೋಗಿ ನೋಡಿದೆವು. ಆಗ್ನೇಯ ದಿಕ್ಕಿನಲ್ಲಿ ನೆಲದಿಂದ ಆಕಾಶದವರೆಗೆ ಕಂದುಬಣ್ಣದ ಒಂದು ಗೋಡೆ ಎದ್ದಿತ್ತು. ಅದರ ತಲೆ ಹೂಕೋಸಿನಂತೆ ಉಕ್ಕುತ್ತಿತ್ತು. ಬುಡ ಚಾಪೆಯಂತೆ ಸುರುಳಿ ಬಿಚ್ಚುತ್ತಿತ್ತು. ಸದ್ದಿಲ್ಲ. ಹಕ್ಕಿಗಳು ಮಾತ್ರ ನಮ್ಮ ತಲೆಯ ಮೇಲೆ ಹಾರಿಹೋದುವು. ಚಳ್ಳಕೆರೆಯ ಕಡೆಯವರಾದ ನಾವು ಆಷಾಢದ ಗಾಳಿಯನ್ನೂ ಸುಂಟರಗಾಳಿಯನ್ನೂ ಕಂಡವರು; ಆದರೆ ಇಂಥದನ್ನು ಕಂಡಿರಲಿಲ್ಲ. ಹೆದರಿ ಒಳಗೆ ಹೋಗುವುದರ ಬದಲು ಬೆರಗಾಗಿ ನಿಂತುಬಿಟ್ಟೆವು. ಐದು ನಿಮಿಷದಲ್ಲಿ ಸೂರ್ಯ ತಾಮ್ರದ ತಟ್ಟೆಯಂತಾಗಿ ಅಡಗಿದ. ಬೀದಿಯ ದೀಪ ಹತ್ತಿಕೊಂಡವು. ಬಾಯಲ್ಲಿ ಮಣ್ಣಿನ ರುಚಿ ಬಂದ ಮೇಲೆ ಒಳಕ್ಕೆ ಓಡಿದೆವು.

ಇದಕ್ಕೆ ಅಲ್ಲಿಯವರು ‘ಹಬೂಬ್’ ಎನ್ನುತ್ತಾರೆ. ಬೀಸು ಎಂಬ ಅರ್ಥದ ಅರಬ್ಬೀ ಧಾತುವಿನಿಂದ ಬಂದ ಮಾತು. ಸೂಡಾನ್ ದೇಶದ ಖಾರ್ಟೂಮಿನ ಧೂಳುಗಾಳಿಗೆ ಮೊದಲು ಇದ್ದ ಹೆಸರು. ೨೦೧೧ರಲ್ಲಿ ಕೆಲವು ಆರಿಜೋನಾ ನಿವಾಸಿಗಳು ನಮ್ಮ ಗಾಳಿಗೆ ಪರದೇಶದ ಹೆಸರೇಕೆಂದು ಪತ್ರಿಕೆಗೆ ಬರೆದು ಜಗಳವಾಡಿದರಂತೆ. ಆದರೆ ಅವರು ನಿತ್ಯವೂ ಆಡುವ ‘ಮಾನ್ಸೂನ್’ ಎಂಬುದೂ ಅರಬ್ಬಿಯ ‘ಮೌಸಿಮ್’ ಶಬ್ದದಿಂದಲೇ ಬಂದದ್ದು! ಹೌದು, ಆರಿಜೋನಾದಲ್ಲಿಯೂ ಮುಂಗಾರು ಉಂಟು. ಜೂನ್ ೧೫ರಿಂದ ಸೆಪ್ಟೆಂಬರ್ ೩೦ರವರೆಗೆ ಎಂದು ಅಲ್ಲಿಯ ಹವಾಮಾನ ಇಲಾಖೆ ಗೊತ್ತುಮಾಡಿದೆ. ಮಳೆಯ ಮೋಡ ಗುಡುಗಿ ಸುರಿಯುವಾಗ ಹನಿಗಳಲ್ಲಿ ಹೆಚ್ಚಿನ ಪಾಲು ಒಣಗಾಳಿಯಲ್ಲಿಯೇ ಆರಿಹೋಗುವುದು. ಹಾಗೆ ಆರುವಾಗ ಗಾಳಿ ತಣ್ಣಗಾಗಿ ಭಾರವಾಗಿ ಧೊಪ್ಪೆಂದು ನೆಲಕ್ಕೆ ಬೀಳುವುದು. ಬಿದ್ದ ನೀರು ಅಂಗಳದಲ್ಲಿ ಹರಡುವಂತೆ ಆ ತಂಪುಗಾಳಿ ಸುತ್ತಲೂ ನುಗ್ಗಿ, ಬೀಳುಬಿಟ್ಟ ಹೊಲಗಳ ಮಣ್ಣನ್ನು ಎತ್ತಿಕೊಂಡು ಬರುವುದು. ೨೦೧೧ನೆಯ ಜುಲೈ ೫ರಂದು ಬಂದ ಗೋಡೆ ಐದಾರು ಸಾವಿರ ಅಡಿ ಎತ್ತರ, ಸುಮಾರು ನೂರು ಮೈಲಿ ಅಗಲ ಇತ್ತು. ಉತ್ತರ ಹಿಂದೂಸ್ಥಾನದ ‘ಆಂಧಿ’ಯೂ ಇದರ ದಾಯಾದಿಯೇ, ೨೦೧೮ನೆಯ ಮೇ ತಿಂಗಳ ಮೊದಲಲ್ಲಿ ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಅದು ನೂರಕ್ಕೂ ಹೆಚ್ಚು ಜನರ ಪ್ರಾಣವನ್ನು ತೆಗೆದುಕೊಂಡಿತು.

ಆ ಸೋಮವಾರ ಫೀನಿಕ್ಸಿನ ವಿಮಾನ ನಿಲ್ದಾಣದಲ್ಲಿ ವಿಮಾನಗಳು ನಿಂತುವು; ಹತ್ತಾರು ಸಾವಿರ ಮನೆಗಳಿಗೆ ವಿದ್ಯುತ್ತು ತಪ್ಪಿತು. ನಮ್ಮ ಬೀದಿಯಲ್ಲಿ ದೀಪ ಆರಲಿಲ್ಲ. ಆರಿದ್ದರೆ ಚೆನ್ನಾಗಿತ್ತೆಂದು ಆಮೇಲೆ ತಿಳಿಯಿತು. ಪೂಜೆಯ ಕೋಣೆಯ ಕಿಟಕಿಯಿಂದ ಧೂಳು ಒಳಕ್ಕೆ ಸುರಿಯುತ್ತಿತ್ತು. ಅಟ್ಟದ ಯಂತ್ರ ಅದನ್ನು ಹೀರಿ ಮನೆಯ ಮೂಲೆಮೂಲೆಗೂ ಹಂಚುತ್ತಿತ್ತು. ಮಗಳು ಕಾರಣವನ್ನು ಕಂಡುಹಿಡಿದು ಕಿಟಕಿ ಮುಚ್ಚುವ ಹೊತ್ತಿಗೆ ಗೌರಿಯ ಮುಖದ ಮೇಲೆ ಕಂದು ಪದರ ಕುಳಿತಿತ್ತು. ಹಿಂದೆಯೇ ಮಳೆ ಬಂತು. ಮರುಭೂಮಿಯ ಪೊದೆಗಳಿಂದ ಘಮ್ಮೆಂದು ವಾಸನೆ ಎದ್ದಿತು. ಮೊಮ್ಮಗ ಕುಣಿದ. ನಮ್ಮ ಗೃಹಿಣಿ ಮಾತ್ರ ಸೆರಗನ್ನು ಮೂಗಿಗೆ ಒತ್ತಿಕೊಂಡು ಕುಳಿತಿದ್ದಳು.

ಅವಳಿಗೆ ಇಪ್ಪತ್ತು ವರ್ಷದಿಂದ ಗೂರಲಿನ ತೊಂದರೆ. ಊರಿನಲ್ಲಿ ಸುಗ್ಗಿಯ ಕಣದ ಹೊಟ್ಟಿಗೆ ಹೆದರಿ ದೂರವಿರುವವಳು. ಆ ರಾತ್ರಿ ಎದ್ದು ಕುಳಿತಳು, ಮರುರಾತ್ರಿಯೂ ಕುಳಿತಳು. ಎದೆಯಲ್ಲಿ ಸಿಳ್ಳು ಕೇಳಿಸುತ್ತಿತ್ತು. ಚೌತಿಯ ಕಡುಬನ್ನು ಮುಟ್ಟಲಿಲ್ಲ. ಬುಧವಾರ ವೈದ್ಯರ ಬಳಿಗೆ ಕರೆದೊಯ್ದೆವು. ಅವರು ಎದೆಯನ್ನು ಪರೀಕ್ಷಿಸಿ, ಸೇದುವ ಔಷಧವನ್ನು ಹೆಚ್ಚಿಸಿ, ರಕ್ತವನ್ನೂ ತೆಗೆದುಕೊಂಡರು. ಏತಕ್ಕೆಂದು ಕೇಳಲು, ಈ ಪ್ರಾಂತದ ಮಣ್ಣಿನಲ್ಲಿ ಕಾಕ್ಸಿಡಿಯಾಯ್ಡಿಸ್ ಎಂಬ ಒಂದು ಬೂಷ್ಟು ಇರುವುದೆಂದೂ, ಅದರ ಬೀಜಕಣಗಳು ಧೂಳಿನೊಡನೆ ಶ್ವಾಸಕೋಶವನ್ನು ಸೇರಿದರೆ ‘ಕಣಿವೆಯ ಜ್ವರ’ ಬರಬಹುದೆಂದೂ ಹೇಳಿದರು. ಹೆಚ್ಚಿನ ಜನಕ್ಕೆ ಅದು ಬಂದದ್ದೇ ತಿಳಿಯದು. ಒಬ್ಬರಿಂದೊಬ್ಬರಿಗೆ ಹರಡುವುದೂ ಇಲ್ಲ. ಆದರೆ ಕೆಲವರಲ್ಲಿ ಬಲವಾಗಿ ಕಾಡುವುದು. ಅಮೇರಿಕಾದಲ್ಲಿ ವರದಿಯಾಗುವ ಇಂಥ ರೋಗಿಗಳಲ್ಲಿ ಬಹುಪಾಲು ಆರಿಜೋನಾದವರೇ. ಸೋಂಕು ತಗುಲಿದ್ದರೂ ಒಂದರಿಂದ ಮೂರು ವಾರದವರೆಗೆ ಗೊತ್ತಾಗದಿರಬಹುದು. ಆದ್ದರಿಂದ ಮೂರು ವಾರದ ಮೇಲೆ ಮತ್ತೆ ಪರೀಕ್ಷೆ ಮಾಡಬೇಕು.

ಮೂರು ವಾರ! ಕಿಟಕಿ ತೆರೆದವರು ನಾವು. ಆ ದಿನಗಳಲ್ಲಿ ಅವಳ ಕೆಮ್ಮು ಕೇಳಿಸಿದಾಗಲೆಲ್ಲ ನಮಗೆ ಏನಾಗುತ್ತಿತ್ತೆಂಬುದನ್ನು ಬರೆಯುವುದು ಬೇಡ. ಅವಳು ಒಂದು ಮಾತೂ ಆಡಲಿಲ್ಲ, ಆಡಿದ್ದರೆ ಹಗುರವಾಗುತ್ತಿತ್ತು.

ಇಂಥ ಸಮಯವನ್ನೇ ಕಾದಿದ್ದಂತೆ ಬಾಗಿಲಿಗೆ ಒಂದು ಕರಪತ್ರ ಸಿಕ್ಕಿಸಿತ್ತು: ಇಡೀ ಮನೆಯ ವಾಯುನಾಳಗಳನ್ನು ೯೯ ಡಾಲರಿಗೆ ಶುದ್ಧಿಮಾಡುತ್ತೇವೆ! ಕರೆಕಳುಹಿಸಿದೆವು. ಬಂದಾತನು ಒಂದು ಜಾಲರಿಯನ್ನು ಬಿಚ್ಚಿ, ದೀಪ ಹಾಕಿ, ಏನನ್ನೋ ತೋರಿಸಿ, ಇದು ಬೂಷ್ಟು ಎಂದನು. ಕಣಿವೆಯ ಜ್ವರದ ಹೆಸರನ್ನು ನಮ್ಮ ಗೃಹಿಣಿಯ ಎದುರಿಗೇ ಎತ್ತಿದನು. ತೊಂಬತ್ತೊಂಬತ್ತು ಎಂಬುದು ಬರಿಯ ಆರಂಭ. ಔಷಧ ಸಿಂಪಡಿಸಿ ಪೂರ್ತಿ ಕೆಲಸ ಮುಗಿಸಲು ೧೮೦೦ ಡಾಲರು, ಇಂದೇ ಒಪ್ಪಿದರೆ ೧೫೦೦ ಎಂದನು. ಗಾಳಿ ಬಂದಾಗ ತೂರಿಕೋ ಎಂಬ ಗಾದೆ ಆತನಿಗೆ ತಿಳಿಯದಿದ್ದರೂ ಅದರ ಶಾಸ್ತ್ರ ಚೆನ್ನಾಗಿ ತಿಳಿದಿತ್ತು. ಅಪರಾಧಿಯ ಮನಸ್ಸು ಪ್ರಾಯಶ್ಚಿತ್ತಕ್ಕೆ ಬೆಲೆ ಕೇಳುವುದಿಲ್ಲ. ಊರಿನಲ್ಲಿರುವ ನಮ್ಮ ಠೇವಣಿಯನ್ನು ಮುರಿದಾದರೂ ಕೊಡುತ್ತೇವೆಂದು ಮಗಳಿಗೆ ಹೇಳಿದೆವು. ಅವಳು ಒಂದು ದಿನ ತಾಳಿ ಎಂದಳು.

ಪಕ್ಕದ ಮನೆಯಲ್ಲಿ ಒಬ್ಬ ವೃದ್ಧರಿದ್ದರು; ಮೂವತ್ತು ವರ್ಷ ಇಂಥ ತಂಪುಯಂತ್ರಗಳನ್ನೇ ರಿಪೇರಿಮಾಡಿ ವಿಶ್ರಾಂತಿ ಪಡೆದವರು. ಮಗಳು ಅವರನ್ನು ಕರೆತಂದಳು. ಅವರು ಮೊದಲು ಮಾತಾಡಲಿಲ್ಲ. ಏಣಿ ಹಾಕಿ ಓಣಿಯ ದೊಡ್ಡ ಜಾಲರಿಯನ್ನು ತೆರೆದರು. ಶೋಧಕವನ್ನು ಮುಟ್ಟಿ ನೋಡಿ, ಅದರ ಅಂಚಿಗೂ ಚೌಕಟ್ಟಿಗೂ ನಡುವೆ ತಮ್ಮ ಹೆಬ್ಬೆರಳನ್ನು ತೂರಿಸಿ ತೋರಿಸಿದರು. ‘ಇದನ್ನು ಕೊಂಡವರು ಯಾರು?’ ಎಂದು ಕೇಳಿದರು.

ಕೊಂಡವರು ನಾವೇ. ಹದಿನೈದು ದಿನಗಳ ಹಿಂದೆ ಮಗಳು ಅಳತೆ ಬರೆದುಕೊಟ್ಟಿದ್ದಳು. ಅಂಗಡಿಯಲ್ಲಿ ಆ ಅಳತೆಯದಕ್ಕಿಂತ ಒಂದು ಬೆರಳು ಕಿರಿದಾದದ್ದು ಅರ್ಧಬೆಲೆಗೆ ಸಿಕ್ಕಿತು. ಒಂದು ಬೆರಳಿನಿಂದ ಏನು ಮಹಾ ವ್ಯತ್ಯಾಸವೆಂದು ಕೊಂಡುತಂದಿದ್ದೆವು. ವೃದ್ಧರು ಹೇಳಿದರು: ‘ನೀರು ತಗ್ಗಿಗೆ ಹರಿಯುವಂತೆ ಗಾಳಿ ಸಲೀಸಾದ ದಾರಿಗೆ ಹರಿಯುವುದು. ಕಾಗದದ ಮಡಿಕೆಗಳಲ್ಲಿ ನುಸುಳುವ ಕಷ್ಟ ಅದಕ್ಕೇಕೆ? ಈ ಸಂದಿಯಿಂದ ಧೂಳೆಲ್ಲ ನೆಟ್ಟಗೆ ಹೋಗಿದೆ.’ ಮೂವತ್ತೈದು ವರ್ಷ ಮಕ್ಕಳಿಗೆ ಹ್ರಸ್ವ ದೀರ್ಘಗಳ ತಪ್ಪನ್ನು ತಿದ್ದಿದವರು ನಾವು. ಒಂದು ಮಾತ್ರೆ ಕಡಿಮೆಯಾದರೆ ವೃತ್ತವೇ ಕೆಡುವುದೆಂದು ಬೆತ್ತ ಹಿಡಿದು ಹೇಳಿದವರು. ತಲೆ ತಗ್ಗಿಸಿ ನಿಂತೆವು.

ಅಷ್ಟರಲ್ಲಿ ಮುಗಿಯಲಿಲ್ಲ. ಮರುದಿನ ಬಿಸಿಲೇರುವ ಮುಂಚೆ ಅವರೂ ಅಳಿಯನೂ ಅಟ್ಟಕ್ಕೆ ಹತ್ತಿದರು. ಹಗಲು ಏರಿದ ಮೇಲೆ ಅಲ್ಲಿ ಮನುಷ್ಯರು ನಿಲ್ಲಲಾಗದಷ್ಟು ಕಾವು. ಯಂತ್ರಕ್ಕೆ ನಳಿಗೆ ಸೇರುವ ಒಂದು ಕೀಲಿನಲ್ಲಿ ಅಂಟುಪಟ್ಟಿ ಒಣಗಿ ಬಿಟ್ಟುಕೊಂಡಿತ್ತು. ಅಲ್ಲಿಂದ ಅಟ್ಟದ ಧೂಳನ್ನೂ ಯಂತ್ರ ಹೀರುತ್ತಿತ್ತು. ಸಾಮಾನ್ಯವಾದ ಮನೆಯೊಂದರಲ್ಲಿ ನಳಿಗೆಗಳಲ್ಲಿ ಹರಿಯುವ ಗಾಳಿಯ ನೂರಕ್ಕೆ ಇಪ್ಪತ್ತರಿಂದ ಮೂವತ್ತು ಪಾಲು ಇಂಥ ಸೋರಿಕೆಯಿಂದ ನಷ್ಟವಾಗುವುದೆಂದು ಅಲ್ಲಿಯ ಸರಕಾರದ ಲೆಕ್ಕ. ಇನ್ನೊಂದು ತಮಾಷೆ: ಇಂಗ್ಲಿಷಿನಲ್ಲಿ ‘ಡಕ್ಟ್ ಟೇಪ್’ ಎಂದು, ಎಂದರೆ ವಾಯುನಾಳದ ಪಟ್ಟಿ ಎಂದು, ಹೆಸರು ಹೊತ್ತಿರುವ ಬಟ್ಟೆಯ ಪಟ್ಟಿ ವಾಯುನಾಳಕ್ಕೇ ಒದಗದು! ಕಾವಿಗೆ ಅದರ ಅಂಟು ಬಿಟ್ಟುಕೊಳ್ಳುವುದೆಂದು ೧೯೯೮ರಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಶಾಲೆಯವರು ಪರೀಕ್ಷೆಮಾಡಿ ತೋರಿಸಿದರು. ಮ್ಯಾಸ್ಟಿಕ್ ಎಂಬ ಗಟ್ಟಿಯಾದ ಲೇಪವನ್ನು ಬಳಿದು ಕೀಲನ್ನು ಮುಚ್ಚಿದರು.

ನಾಳಗಳನ್ನೆಲ್ಲ ತೊಳೆಸಬೇಕೇ ಎಂದು ನಾವು ಕೇಳಿದೆವು. ವೃದ್ಧರು ಅಮೇರಿಕಾ ಸರಕಾರದ ಪರಿಸರ ಸಂರಕ್ಷಣ ಸಂಸ್ಥೆಯವರು ಗೃಹಸ್ಥರಿಗಾಗಿ ಪ್ರಕಟಿಸಿರುವ ತಿಳಿವಳಿಕೆಯನ್ನು ತೋರಿಸಿದರು. ನಾಳಗಳನ್ನು ಶುದ್ಧಿಮಾಡಿಸಿದ್ದರಿಂದ ರೋಗ ತಪ್ಪುವುದೆಂದು ಎಂದೂ ರುಜುವಾತಾಗಿಲ್ಲ. ಒಳಗೆ ಬೂಷ್ಟು ಕಣ್ಣಿಗೆ ಕಾಣುವಂತೆ ಬೆಳೆದಿದ್ದರೆ, ಇಲಿ ಹುಳಗಳು ಸೇರಿದ್ದರೆ, ಅಥವಾ ಧೂಳು ಕಟ್ಟಿಕೊಂಡು ಜಾಲರಿಗಳಿಂದ ಉದುರುತ್ತಿದ್ದರೆ ಮಾತ್ರ ಮಾಡಿಸತಕ್ಕದ್ದು. ಅಗ್ಗದ ಬೆಲೆ ಹೇಳಿ ಬಂದು ಭಯಪಡಿಸುವವರನ್ನು ನಂಬಕೂಡದು ಎಂದು ಅದರ ಸಾರಾಂಶ. ನಮ್ಮ ನಾಳಗಳಲ್ಲಿ ದೀಪ ಬಿಟ್ಟು ನೋಡಿದರು. ತೆಳುವಾದ ಪುಡಿ ಇತ್ತು, ಬೂಷ್ಟು ಇರಲಿಲ್ಲ. ಆತನು ತೋರಿಸಿದ್ದು ಹಳೆಯ ಧೂಳಿನ ಕರೆ. ೧೫೦೦ ಡಾಲರು ಉಳಿಯಿತು.

ಆ ಶನಿವಾರ ಇಡೀ ಮನೆಯವರು ಸೇರಿ ಮಾಡಿದ ಕೆಲಸವನ್ನು ಕ್ರಮವಾಗಿ ಹೇಳುತ್ತೇವೆ. ಮೊದಲು ವಿದ್ಯುತ್ತಿನ ಗುಂಡಿಯನ್ನು ಆರಿಸಿದೆವು. ಯಂತ್ರ ನಡೆಯುತ್ತಿರುವಾಗ ಜಾಲರಿ ಬಿಚ್ಚಿದರೆ ಎಬ್ಬಿಸಿದ ಧೂಳನ್ನೇ ಅದು ಮತ್ತೆ ಹಂಚುವುದು. ನಮ್ಮ ಗೃಹಿಣಿಯನ್ನೂ ಮೊಮ್ಮಗನನ್ನೂ ಸ್ನೇಹಿತರ ಮನೆಗೆ ಕಳುಹಿಸಿದೆವು. ಉಳಿದವರು ಮೂಗುಬಾಯಿಗೆ ಮುಸುಕು ಕಟ್ಟಿಕೊಂಡೆವು. ಒಂದೊಂದು ಜಾಲರಿಯನ್ನೂ ಬಿಚ್ಚಿ ಸಾಬೂನಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಪೂರಾ ಒಣಗಿಸಿದೆವು. ತೇವವಿದ್ದರೆ ಬೂಷ್ಟಿಗೆ ಹಬ್ಬ. ನಳಿಗೆಯ ಬಾಯಿಯಲ್ಲಿ ಕೈ ಹೋಗುವಷ್ಟು ದೂರ ಧೂಳು ಹೀರುವ ಯಂತ್ರದ ಮೃದುವಾದ ಕುಂಚವನ್ನು ಆಡಿಸಿ, ಒದ್ದೆ ಬಟ್ಟೆಯಿಂದ ಒರಸಿದೆವು. ಕುಂಚವನ್ನು ಬಲವಾಗಿ ನೂಕಕೂಡದು. ಬಳುಕುವ ನಳಿಗೆ ಹರಿಯುವುದು. ಹೀರುವ ಯಂತ್ರದಲ್ಲಿಯೂ ಸೂಕ್ಷ್ಮ ಶೋಧಕವಿರಬೇಕು; ಇಲ್ಲವಾದರೆ ಮುಂದಿನಿಂದ ಎಳೆದದ್ದನ್ನು ಹಿಂದಿನಿಂದ ಬಿಡುವುದು.

ಆಮೇಲೆ ಚೌಕಟ್ಟಿಗೆ ಸರಿಯಾಗಿ ಕೂಡುವ ಹೊಸ ಶೋಧಕವನ್ನು, ಅದರ ಮೇಲಿನ ಬಾಣದ ಗುರುತು ಗಾಳಿ ಹೋಗುವ ದಿಕ್ಕಿಗೆ ಇರುವಂತೆ ಸೇರಿಸಿದೆವು. ಶೋಧಕಗಳ ಸೂಕ್ಷ್ಮತೆಗೆ ‘ಮರ್ವ್’ ಎಂಬ ಅಂಕವುಂಟು. ಅಂಕ ಹೆಚ್ಚಿದಷ್ಟು ಚಿಕ್ಕ ಕಣ ಸಿಕ್ಕಿಕೊಳ್ಳುವುದು. ಆದರೆ ಯಂತ್ರದ ಬೀಸಣಿಗೆಗೆ ಅಷ್ಟು ಎಳೆಯುವ ಶಕ್ತಿ ಬೇಕು. ಶಕ್ತಿಯಿದ್ದರೆ ೧೩ ಒಳ್ಳೆಯದೆಂದು ಅದೇ ಸಂಸ್ಥೆಯವರ ಮಾತು. ನಮ್ಮ ಯಂತ್ರಕ್ಕೆ ಅದು ಒಪ್ಪುವುದೆಂದು ವೃದ್ಧರು ನೋಡಿ ಹೇಳಿದ ಮೇಲೆ ಹಾಕಿದೆವು. ಹೊರಗಿರುವ ಯಂತ್ರಭಾಗದ ತೆಳುವಾದ ತಗಡುಗಳ ನಡುವೆ ಕೂತ ಮಣ್ಣನ್ನು ಮೆಲ್ಲಗೆ ನೀರು ಬಿಟ್ಟು ತೊಳೆದೆವು. ಬಟ್ಟೆ ಒಣಗಿಸುವ ಯಂತ್ರದ ಹೊಗೆನಾಳದಲ್ಲಿ ಸೇರಿದ್ದ ನೂಲಿನ ಜೂಲನ್ನೂ ತೆಗೆದೆವು. ಅದನ್ನು ಬಿಟ್ಟರೆ ಬೆಂಕಿಯ ಭಯ. ನೆಲವನ್ನು ಗುಡಿಸಲಿಲ್ಲ, ಒದ್ದೆ ಬಟ್ಟೆಯಿಂದ ಒರಸಿದೆವು. ಒಣ ಪೊರಕೆ ಧೂಳನ್ನು ತೆಗೆಯುವುದಿಲ್ಲ. ಎಬ್ಬಿಸಿ ಬೇರೆ ಕಡೆ ಕೂಡಿಸುವುದು ಅಷ್ಟೆ.

ಕೆಲಸ ಮುಗಿದು ದಣಿದು ಕುಳಿತಿದ್ದಾಗ ಪಡುವಣ ಕಿಟಕಿಯಿಂದ ಬಿಸಿಲಿನ ಕೋಲೊಂದು ಒಳಗೆ ಬಿತ್ತು. ಅದರಲ್ಲಿ ಕಣಗಳು ಕುಣಿಯುತ್ತಿದ್ದುವು. ಹೀಗೆ ಜಾಲಂಧ್ರದ ಬಿಸಿಲಿನಲ್ಲಿ ಕಾಣುವ ಧೂಳಿನ ಕಣಕ್ಕೆ ಮನುಸ್ಮೃತಿಯಲ್ಲಿ ತ್ರಸರೇಣುವೆಂದು ಹೆಸರು. ತೂಕಗಳಲ್ಲೆಲ್ಲ ಮೊದಲನೆಯದು ಅದೇ. ತರ್ಕಶಾಸ್ತ್ರದವರು ಅದರಲ್ಲಿ ಆರು ಪರಮಾಣುಗಳನ್ನು ಎಣಿಸಿದರು. ಇದನ್ನು ನಾವು ಎಷ್ಟೋ ಸಲ ತರಗತಿಯಲ್ಲಿ ಪಾಠಮಾಡಿದ್ದುಂಟು. ಆದರೆ ಕಾಣುವ ಕಣಕ್ಕಿಂತ ಕಾಣದ ಕಣವೇ ಎದೆಯ ಆಳಕ್ಕೆ ಇಳಿಯುವುದೆಂದು ಅಳಿಯ ಹೇಳಿದಾಗ, ಹಳೆಯ ಪಾಠ ಹೊಸದಾಗಿ ಅರ್ಥವಾಯಿತು.

ಸೆಪ್ಟೆಂಬರ್ ನಡುವಿನಲ್ಲಿ ಎರಡನೆಯ ರಕ್ತಪರೀಕ್ಷೆಯಾಯಿತು. ಫಲ ಬರುವವರೆಗೆ ಮನೆಯಲ್ಲಿ ಕೂರಲಾರದೆ ಒಂದು ದಿನ ಅಳಿಯನೊಡನೆ ಕಾಸಾ ಗ್ರಾಂಡೆ ಎಂಬ ಪುರಾತನ ಸ್ಥಳಕ್ಕೆ ಹೋದೆವು. ಚಾಂಡ್ಲರಿನಿಂದ ತೆಂಕಣಕ್ಕೆ ಸುಮಾರು ಒಂದು ಗಂಟೆಯ ದಾರಿ; ಧೂಳೇಳುವ ಹೊಲಗಳ ನಡುವೆಯೇ ಇದೆ. ಆ ಸೀಮೆಯ ಹೆದ್ದಾರಿಗಳಲ್ಲಿ ಧೂಳು ಕವಿದರೆ ಗಾಡಿಯನ್ನು ರಸ್ತೆಯಿಂದ ಪೂರ್ತಿ ಹೊರಕ್ಕೆ ನಿಲ್ಲಿಸಿ, ದೀಪಗಳನ್ನೆಲ್ಲ ಆರಿಸಿ, ತಡೆಯ ಮೇಲಿಂದ ಕಾಲು ತೆಗೆದು ಕುಳಿತಿರಬೇಕೆಂದು ಅಳಿಯ ತಿಳಿಸಿದನು. ದೀಪವನ್ನೇಕೆ ಆರಿಸಬೇಕು? ಹಿಂದಿನಿಂದ ಬರುವವನು ಆ ಕೆಂಪು ದೀಪವನ್ನು ನೋಡಿ ರಸ್ತೆ ಅಲ್ಲಿಯೇ ಇದೆಯೆಂದು ನಂಬಿ ಬಂದು ಡಿಕ್ಕಿಹೊಡೆಯುವನು.

ಕಾಸಾ ಗ್ರಾಂಡೆ ಎಂದರೆ ಸ್ಪೇನಿನ ಮಾತಿನಲ್ಲಿ ದೊಡ್ಡಮನೆ. ೧೬೯೪ರಲ್ಲಿ ಇದನ್ನು ಕಂಡ ಪಾದ್ರಿ ಕೀನೋ ಎಂಬವರು ಇಟ್ಟ ಹೆಸರು. ಹೊಹೊಕಾಮ್ ಜನರು ಕ್ರಿ. ಶ. ೧೩೫೦ರ ಸುಮಾರಿಗೆ ಸುಣ್ಣಗಲ್ಲು ಬೆರೆತ ಮಣ್ಣಿನಿಂದ ಪದರಪದರವಾಗಿ ಎಬ್ಬಿಸಿದ ನಾಲ್ಕು ಅಂತಸ್ತಿನ ಕಟ್ಟಡ. ಗೋಡೆಯ ಬುಡ ನಾಲ್ಕು ಅಡಿ ದಪ್ಪ. ೧೮೯೨ರಲ್ಲಿಯೇ ಸರಕಾರ ಅದನ್ನು ರಕ್ಷಿತ ಸ್ಥಳವೆಂದು ಸಾರಿತು. ೧೯೩೨ರಲ್ಲಿ ಮೇಲೊಂದು ಉಕ್ಕಿನ ಚಾವಣಿಯನ್ನು ನಿಲ್ಲಿಸಿದರು. ಒಳಕ್ಕೆ ಬಿಡುವುದಿಲ್ಲ, ಹೊರಗೆ ನಿಂತು ನೋಡಬೇಕು. ಪಡುವಣ ಗೋಡೆಯ ಮೇಲ್ಭಾಗದಲ್ಲಿ ಒಂದು ದುಂಡನೆಯ ಕಿಂಡಿ ಕಾಣುವುದು. ಉತ್ತರಾಯಣದ ಕೊನೆಯ ದಿನ ಮುಳುಗುವ ಸೂರ್ಯ ಅದಕ್ಕೆ ಸರಿಯಾಗಿ ನಿಲ್ಲುವನಂತೆ. ಆ ಗೋಡೆಗಳಲ್ಲಿ ಕಿಂಡಿಗಳೇ ಕಡಿಮೆ, ಇರುವುವೂ ಚಿಕ್ಕವು.

ಅದನ್ನು ನೋಡುತ್ತ ನಿಂತಾಗ ನಮಗೆ ನಮ್ಮೂರಿನ ಮಾಳಿಗೆಯ ಮನೆ ಕಣ್ಣಿಗೆ ಕಟ್ಟಿತು. ಅಲ್ಲಿಯೂ ದಪ್ಪ ಮಣ್ಣಿನ ಗೋಡೆ. ಅಡಿಗೆಮನೆಯ ಮೇಲೊಂದು ಬೆಳಕಿಂಡಿ. ಮೂಡಣ ದಿಕ್ಕು ಕೆಂಪಾಗಿ ಗಾಳಿ ಏಳುವ ಸೂಚನೆ ಕಂಡೊಡನೆ ನಮ್ಮ ತಾಯಿ ಕೈಕೆಲಸ ಬಿಟ್ಟು ಮಾಳಿಗೆ ಹತ್ತಿ ಬೆಳಕಿಂಡಿಯ ಮೇಲೆ ಒಡಕು ಮಡಕೆಯನ್ನು ಬೋರಲು ಹಾಕಿ ಬರುತ್ತಿದ್ದಳು. ಗಾಳಿ ನಿಂತ ಮೇಲೆ ಮೊದಲು ಕಿಂಡಿಯ ಸುತ್ತಣ ಮಣ್ಣನ್ನು ಒದ್ದೆ ಅರಿವೆಯಿಂದ ಬಳಿದು, ಆಮೇಲೆ ಮಡಕೆಯನ್ನು ತೆಗೆಯುತ್ತಿದ್ದಳು. ಮೊದಲು ಮಡಕೆ ತೆಗೆದರೆ ಮಣ್ಣೆಲ್ಲ ಹಾಲಿಗೆ ಬೀಳುವುದಲ್ಲವೇ? ಅವಳಿಗೆ ಅಕ್ಷರ ಬಾರದು. ಅಮರಕೋಶವನ್ನು ಬಾಯಿಪಾಠಮಾಡಿದ ಮಗ ವಾತಾಯನವನ್ನು ತೆರೆಯುವುದನ್ನು ಮಾತ್ರ ಕಲಿತನು. ಮುಚ್ಚುವ ಹೊತ್ತನ್ನು ಕಲಿಯಲಿಲ್ಲ.

ಮನೆಗೆ ಹಿಂದಿರುಗಿದಾಗ ಮಗಳು ಬಾಗಿಲಲ್ಲಿಯೇ ನಿಂತಿದ್ದಳು. ರಕ್ತದಲ್ಲಿ ಸೋಂಕಿಲ್ಲವೆಂದು ವೈದ್ಯರಿಂದ ಸಮಾಚಾರ ಬಂದಿತ್ತು. ಒಳಗೆ ನಮ್ಮ ಗೃಹಿಣಿ ಒಲೆಯ ಮುಂದೆ ನಿಂತು ಒಗ್ಗರಣೆ ಹಾಕುತ್ತಿದ್ದಳು. ಅವಳ ಉಸಿರು ಸರಿಹೋದದ್ದು ಔಷಧದಿಂದಲೋ ಶೋಧಕದಿಂದಲೋ ಎರಡರಿಂದಲೋ ನಾವು ಹೇಳಲಾರೆವು. ‘ಕಿಟಕಿ ಸ್ವಲ್ಪ ತೆಗೆಯಲೇ? ಒಗ್ಗರಣೆ ಘಾಟು’ ಎಂದು ಕೇಳಿದೆವು. ‘ಮೊದಲು ಹೊರಗೆ ಹೋಗಿ ಆಕಾಶ ನೋಡಿ ಬನ್ನಿ’ ಎಂದಳು. ಆ ಮೂರು ವಾರಗಳಲ್ಲಿ ಅವಳು ಆಡಿದ ಆಕ್ಷೇಪಣೆ ಅದೊಂದೇ. ಹೋಗಿ ನೋಡಿ ಬಂದೆವು. ಆಕಾಶ ನಿರ್ಮಲವಾಗಿತ್ತು.

ನಮ್ಮ ನಾಡಿನಲ್ಲಿ ಇಂಥ ನಳಿಗೆಗಳ ಮನೆಗಳು ಕಡಿಮೆ. ಆದರೆ ಗೋಡೆಗೆ ತೂಗುಹಾಕುವ ತಂಪುಯಂತ್ರಗಳು ಈಗ ಸಣ್ಣ ಊರುಗಳಿಗೂ ಬಂದಿವೆ. ಅವುಗಳ ಮುಚ್ಚಳದ ಹಿಂದೆಯೂ ಒಂದು ಬಲೆಯಿದೆ. ಅಡಿಗೆಮನೆಯ ಹೊಗೆಬೀಸಣಿಗೆ, ಬಾಗಿಲ ಮೇಲಣ ಗವಾಕ್ಷಿ, ಸೊಳ್ಳೆಯ ಜಾಲರಿ, ಇವೆಲ್ಲವೂ ಮನೆಯ ಮೂಗುಗಳೇ. ಬಳ್ಳಾರಿ, ಸಂಡೂರುಗಳ ಕಡೆ ಅದಿರಿನ ಕೆಂಪು ಧೂಳನ್ನು ಕಂಡವರಿಗೆ ಇದನ್ನು ಹೆಚ್ಚಾಗಿ ಹೇಳಬೇಕಾಗಿಲ್ಲ. ಹಬ್ಬ ಬಂದಾಗ ನೆಲವನ್ನು ಸಾರಿಸಿ ರಂಗೋಲಿ ಹಾಕುವ ನಾವು ಏಣಿ ಹಾಕಿ ಮೇಲೆ ನೋಡುವುದು ಅಪರೂಪ. ಊರಿಗೆ ಬಂದ ಮೊದಲನೆಯ ಭಾನುವಾರವೇ ನಾವು ಏಣಿಯನ್ನು ತೆಗೆಸಿದೆವು. ಹಳೆಯ ಬೆಳಕಿಂಡಿಗೆ ಈಗ ಗಾಜು ಕೂಡಿಸಿದೆ. ಅದರ ಅಂಚ ಸುತ್ತ ಮೂರು ಬೆರಳು ಮಣ್ಣು ಕೂತಿತ್ತು. ಒದ್ದೆ ಅರಿವೆಯಿಂದ ಬಳಿದು ತೆಗೆದೆವು. ನಮ್ಮ ಗೃಹಿಣಿ ಕೆಳಗೆ ಏಣಿಯನ್ನು ಹಿಡಿದುಕೊಂಡು ನಿಂತಿದ್ದಳು. ಮೂಗಿಗೆ ಸೆರಗನ್ನು ಕಟ್ಟಿಕೊಳ್ಳುವುದನ್ನು ಮರೆತಿರಲಿಲ್ಲ.